ಪಿ.ಯು.ಸಿ.ಗೂ ವೈದ್ಯಕೀಯ ಕಾಲೇಜಿಗೂ ನಡುವೆ ಒಂದು ವರ್ಷ

ಜೂನ್ ತಿಂಗಳು ಬಂತೆಂದರೆ ದಾವಣಗೆರೆ ಜಿಲ್ಲೆಯ ಊರುಗಳಲ್ಲಿ ಜನ ಎರಡು ಸುದ್ದಿಗಳಿಗಾಗಿ ಕಾಯುತ್ತಾರೆ. ಮೊದಲನೆಯದು ಮಳೆಯ ಸುದ್ದಿ. ಜಗಳೂರಿನ ಹೊಲಗಳಲ್ಲಿ ಮೆಕ್ಕೆಜೋಳ ಬಿತ್ತಬೇಕು. ಚನ್ನಗಿರಿಯ ಅಡಿಕೆ ತೋಟಗಳಿಗೆ ಬೇಸಗೆಯ ಬಾಯಾರಿಕೆ ತೀರಬೇಕು. ಹೊನ್ನಾಳಿಯಲ್ಲಿ ತುಂಗಭದ್ರೆಗೆ ಹೊಸ ನೀರು ಬರಬೇಕು. ನ್ಯಾಮತಿಯ ರೈತ ಗೊಬ್ಬರ ತಂದು ಮನೆಯ ಮೂಲೆಗೆ ಒಟ್ಟಿ ಮುಗಿಲು ನೋಡುತ್ತಿರುತ್ತಾನೆ. ಎರಡನೆಯದು ವೈದ್ಯಕೀಯ ಪ್ರವೇಶ ಪರೀಕ್ಷೆಯ ಸುದ್ದಿ. ಮೇ ತಿಂಗಳ ಮೊದಲ ಭಾನುವಾರಗಳಲ್ಲಿ ಮಕ್ಕಳು ಬರೆದು ಬಂದ 'ನೀಟ್' ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಈ ವೇಳೆಗೇ ಹೊರಬೀಳುತ್ತದೆ.

ಮಳೆ ಒಮ್ಮೊಮ್ಮೆ ಕೈಕೊಡುತ್ತದೆ. ಪರೀಕ್ಷೆ ಬಹುಮಂದಿಗೆ ಕೈಕೊಡುತ್ತದೆ. ಅಂದು ಸಂಜೆ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ವರ್ಷ ಸಿಕ್ಕಿದ್ದಕ್ಕೆ ಸೇರಿಬಿಡುವುದೋ, ಇಲ್ಲವೆ ಒಂದು ವರ್ಷ ಕಾಲೇಜಿನ ಹಂಗಿಲ್ಲದೆ ಓದಿ ಮತ್ತೊಮ್ಮೆ ಬರೆಯುವುದೋ? ತಂದೆಗೆ ಖರ್ಚಿನ ಚಿಂತೆ. ತಾಯಿಗೆ ಮಗುವಿನ ಮುಖ ಬಾಡಿದ ಚಿಂತೆ. ಅಜ್ಜನಿಗೆ ನೆರೆಯವರೇನೆಂದಾರು ಎಂಬ ಚಿಂತೆ. ಹುಡುಗನೋ ಹುಡುಗಿಯೋ ಮಾತಾಡದೆ ಕೂತಿರುತ್ತದೆ. ಈ ಪ್ರಶ್ನೆಯನ್ನು ಅಳುವಿನ ನಡುವೆಯಾಗಲಿ ಹಠದ ನಡುವೆಯಾಗಲಿ ತೀರ್ಮಾನಿಸದೆ, ಲೆಕ್ಕವಿಟ್ಟು ತೀರ್ಮಾನಿಸುವುದು ಹೇಗೆಂಬುದನ್ನು ಇಲ್ಲಿ ನೋಡೋಣ.

ಒಕ್ಕಲುತನ ಬಲ್ಲವರಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಲ್ಲ. ಬೀಳು ಬಿಟ್ಟ ಹೊಲದಲ್ಲೂ ಪೈರಿಲ್ಲ. ಮಾಗಿ ಉಳುಮೆ ಮಾಡಿ ಬಿಸಿಲಿಗೆ ಬಿಟ್ಟ ಹೊಲದಲ್ಲೂ ಪೈರಿಲ್ಲ. ದಾರಿಯಲ್ಲಿ ಹೋಗುವವನ ಕಣ್ಣಿಗೆ ಎರಡೂ ಬರಿ ನೆಲವೇ. ಆದರೆ ಒಂದರಲ್ಲಿ ಕಳೆ ಬೆಳೆಯುತ್ತದೆ, ಇನ್ನೊಂದರಲ್ಲಿ ಕಳೆ ಸಾಯುತ್ತದೆ. ವಿದ್ಯಾರ್ಥಿಯ ಬಿಡುವಿನ ವರ್ಷವೂ ಹೀಗೆಯೇ. ಅದು ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಬೀಳೋ ಮಾಗಿ ಉಳುಮೆಯೋ ಎಂದು ಕೇಳಬೇಕು.

ವೈದ್ಯನಾಗಲು ಕಾಯುವುದು ನಮ್ಮ ಕಡೆಗೆ ಹೊಸದೇನೂ ಅಲ್ಲ. 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಶಾಲೆಯೇ 1924ರಲ್ಲಿ ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಬಂದು ನೆಲೆಸಿತು. ಬಹುಕಾಲ ಹಳೆಯ ಮೈಸೂರು ಸೀಮೆಗೆಲ್ಲ ಅದೊಂದೇ ಕಾಲೇಜು. ಮಣಿಪಾಲದ ಕಾಲೇಜು 1953ರಲ್ಲಿ, ಬೆಂಗಳೂರಿನದು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಬಂದವು. ಆಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿನ ಊರಾಗಿತ್ತು. ಈ ಊರುಗಳಿಗೆ ಹತ್ತಿರದ ವೈದ್ಯಕೀಯ ಕಾಲೇಜೆಂದರೆ 1965ರಲ್ಲಿ ದಾವಣಗೆರೆಯಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ಕಾಲೇಜು. ಈ ಶತಮಾನದಲ್ಲಿ ದಾವಣಗೆರೆಯಲ್ಲಿ ಇನ್ನೊಂದು ಖಾಸಗಿ ಕಾಲೇಜೂ, ಶಿವಮೊಗ್ಗದಲ್ಲಿ ಸರ್ಕಾರಿ ಕಾಲೇಜೂ ಆದವು. 2023ರಲ್ಲಿ ಚಿತ್ರದುರ್ಗದಲ್ಲಿಯೂ ಸರ್ಕಾರಿ ಕಾಲೇಜು ಪ್ರಾರಂಭವಾಯಿತು. ಕಾಲೇಜು ಮನೆಯ ಹತ್ತಿರಕ್ಕೆ ಬಂದಿದೆ. ಬಾಗಿಲು ಮಾತ್ರ ಇಕ್ಕಟ್ಟಾಗಿಯೇ ಉಳಿದಿದೆ.

ಆ ಬಾಗಿಲಿನ ಕಥೆಯನ್ನೂ ಸ್ವಲ್ಪ ತಿಳಿದಿರಬೇಕು. ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿ.ಇ.ಟಿ., ನಡೆಯುತ್ತ ಬಂದಿತು. ಇಡೀ ದೇಶಕ್ಕೆ ಒಂದೇ ಪರೀಕ್ಷೆಯೆಂದು ನೀಟ್ ಮೊದಲು ನಡೆದದ್ದು 2013ರಲ್ಲಿ. ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. 2016ರಲ್ಲಿ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಆಮೇಲೆ ವೈದ್ಯಕೀಯ ಸೀಟಿಗೆ ನೀಟ್ ಒಂದೇ ಹಾದಿಯಾಯಿತು. ಈಗ ಪಿ.ಯು.ಸಿ. ಅಂಕಗಳು ಅರ್ಹತೆಗೆ ಬೇಕು: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡ 50, ಮೀಸಲು ವರ್ಗದವರಿಗೆ ಶೇಕಡ 40. ಅದನ್ನು ದಾಟಿದ ಮೇಲೆ ಸೀಟನ್ನು ನಿರ್ಧರಿಸುವುದು ನೀಟ್‌ನ ರ‍್ಯಾಂಕ್. ಡಿಸೆಂಬರ್ 31ಕ್ಕೆ ಹದಿನೇಳು ವರ್ಷ ತುಂಬಿರಬೇಕು. ಮೇಲಿನ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಇಷ್ಟೇ ಸಲ ಬರೆಯಬೇಕೆಂಬ ಕಟ್ಟಳೆಯೂ ಇಲ್ಲ. ಆದ್ದರಿಂದ ಒಂದು ವರ್ಷ ಬಿಟ್ಟರೆ ಕಾನೂನಿನ ತೊಡಕೇನೂ ಬರುವುದಿಲ್ಲ. ತೊಡಕು ಬರುವುದು ಬೇರೆ ಕಡೆಯಿಂದ.

ಮೊದಲು ಸಂಖ್ಯೆಗಳನ್ನು ನೋಡಿ. 2025ರಲ್ಲಿ ಈ ಪರೀಕ್ಷೆ ಬರೆದವರು ಸುಮಾರು 22 ಲಕ್ಷ, ಅರ್ಹರೆನಿಸಿಕೊಂಡವರು 12 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು. ಕರ್ನಾಟಕದಲ್ಲಿ ಸುಮಾರು 12 ಸಾವಿರ. 'ನಮ್ಮ ಹುಡುಗ ಪಾಸಾಗಿದ್ದಾನೆ, ಸೀಟೇಕೆ ಸಿಗಲಿಲ್ಲ?' ಎಂದು ಕೇಳುವ ತಂದೆಗೆ ಇಲ್ಲಿಯೇ ಉತ್ತರವಿದೆ. ಅರ್ಹತೆ ಎಂದರೆ ಸಾಲಿನಲ್ಲಿ ನಿಲ್ಲಲು ಅಪ್ಪಣೆ, ಸೀಟಲ್ಲ. ಇನ್ನು ಖಾಸಗಿ ಕಾಲೇಜಿನ ಶುಲ್ಕ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಹತ್ತಾರು ಸಾವಿರ ರೂಪಾಯಿಯಲ್ಲಿ ಮುಗಿಯುವುದು, ಖಾಸಗಿ ಕಾಲೇಜಿನ ಸರ್ಕಾರಿ ಪಾಲಿನ ಸೀಟಿಗೆ ಒಂದೂವರೆ ಲಕ್ಷದ ಹತ್ತಿರ ಹೋಗುತ್ತದೆ. ಖಾಸಗಿ ಪಾಲಿನ ಸೀಟಾದರೆ ಹತ್ತು ಲಕ್ಷವನ್ನು ಮೀರುತ್ತದೆ. ರ‍್ಯಾಂಕಿನಲ್ಲಿ ಕೆಲವು ಸಾವಿರ ಹಿಂದುಮುಂದಾದರೆ ಮನೆಯ ಎರಡೆಕರೆ ಉಳಿಯುವುದು ಅಥವಾ ಹೋಗುವುದು ಎಂಬಂತಾಗಿದೆ. ಒಂದು ವರ್ಷ ಕಾಯೋಣವೆಂಬ ಮಾತಿಗೆ ಇಷ್ಟು ತೂಕ ಬಂದಿರುವುದು ಇದರಿಂದಲೇ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಹೋದ ವರ್ಷದ ಅಂಕಕ್ಕೂ ಈ ವರ್ಷದ ಅಂಕಕ್ಕೂ ಹೋಲಿಕೆ ಮಾಡಬಾರದು. 2024ರಲ್ಲಿ 720ಕ್ಕೆ 720 ಪಡೆದವರೇ ಹಲವರಿದ್ದರು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿ, ಮೊದಲ ಸ್ಥಾನದವರಿಗೇ ಬಂದದ್ದು 686. ಪಕ್ಕದ ಮನೆಯ ಹುಡುಗಿಗೆ ಇಷ್ಟು ಬಂದಿತ್ತು, ನಿನಗೆ ಇಷ್ಟೇ ಏಕೆ ಎಂದು ಬೇರೆ ವರ್ಷದ ಅಂಕ ಹಿಡಿದು ಮಗುವನ್ನು ನೋಯಿಸುವುದು ಅನ್ಯಾಯ. ನೋಡಬೇಕಾದದ್ದು ರ‍್ಯಾಂಕು, ಜೊತೆಗೆ, ನಿಮ್ಮ ವರ್ಗದಲ್ಲಿ ಹೋದ ವರ್ಷ ಯಾವ ಕಾಲೇಜಿನ ಬಾಗಿಲು ಯಾವ ರ‍್ಯಾಂಕಿಗೆ ಮುಚ್ಚಿತೆಂಬುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಆ ಪಟ್ಟಿಯನ್ನು ಪ್ರಕಟಿಸುತ್ತದೆ.

ಈಗ ಮುಖ್ಯವಾದ ಲೆಕ್ಕಕ್ಕೆ ಬರೋಣ. 2025ರ ಪತ್ರಿಕೆಯಲ್ಲಿ 180 ಪ್ರಶ್ನೆಗಳು, 180 ನಿಮಿಷಗಳು. ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ 45ರಂತೆ. ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪಿಗೆ ಒಂದು ಅಂಕ ಕಡಿತ. ಒಬ್ಬ ವಿದ್ಯಾರ್ಥಿ 120 ಸರಿ, 60 ತಪ್ಪು ಬರೆದನೆನ್ನಿ. 480ರಲ್ಲಿ 60 ಕಳೆದು 420. ಇದೇ ಹುಡುಗ ಒಂದು ವರ್ಷ ಓದಿ, ಆ ಅರುವತ್ತು ತಪ್ಪುಗಳಲ್ಲಿ ಇಪ್ಪತ್ತನ್ನು ಸರಿ ಮಾಡಿಕೊಂಡು, ಗೊತ್ತೇ ಇಲ್ಲದ ಮೂವತ್ತನ್ನು ಮುಟ್ಟದೆ ಬಿಟ್ಟು, ಹತ್ತನ್ನು ಮಾತ್ರ ತಪ್ಪಿದನೆಂದರೆ 560ರಲ್ಲಿ 10 ಕಳೆದು 550. ನೂರ ಮೂವತ್ತು ಅಂಕಗಳ ಅಂತರ! ಇದರಲ್ಲಿ ನೂರು ಅಂಕವನ್ನು ತಂದದ್ದು ಓದು. ಮೂವತ್ತನ್ನು ತಂದದ್ದು ಸಂಯಮ.

ಆದ್ದರಿಂದ ಫಲಿತಾಂಶ ಬಂದ ವಾರದಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ಪ್ರಶ್ನೆಪತ್ರಿಕೆಯನ್ನೂ ತನ್ನ ಉತ್ತರಗಳನ್ನೂ ಎದುರಿಗಿಟ್ಟುಕೊಂಡು ತಪ್ಪುಗಳನ್ನು ಮೂರು ರಾಶಿ ಮಾಡುವುದು. ಒಂದನೆಯ ರಾಶಿ: ಗೊತ್ತಿದ್ದೂ ಆತುರದಿಂದ ತಪ್ಪಿದವು. ಎರಡನೆಯದು: ಪಾಠ ಓದಿದ್ದರೂ ಅರ್ಥವಾಗದೆ ತಪ್ಪಿದವು. ಮೂರನೆಯದು: ಪಾಠವನ್ನೇ ಮುಟ್ಟದೆ ಬಿಟ್ಟಿದ್ದವು. ಮೊದಲ ರಾಶಿಯೂ ಮೂರನೆಯ ರಾಶಿಯೂ ದೊಡ್ಡದಾಗಿದ್ದರೆ ಒಂದು ವರ್ಷದ ಶ್ರಮಕ್ಕೆ ಫಲವುಂಟು. ಎರಡನೆಯದೇ ಬೆಟ್ಟದಷ್ಟಿದ್ದರೆ, ಅದೂ ಎರಡು ವರ್ಷ ಒಳ್ಳೆಯ ಪಾಠ ಕೇಳಿದ ಮೇಲೂ ಹಾಗಿದ್ದರೆ, ಅದೇ ಓದನ್ನು ಅದೇ ರೀತಿಯಲ್ಲಿ ಮತ್ತೊಂದು ವರ್ಷ ಓದಿದರೆ ರಾಶಿ ಕರಗುವುದಿಲ್ಲ. ನಮ್ಮ ಕಡೆಯ ಮಕ್ಕಳಲ್ಲಿ ಮೂರನೆಯ ರಾಶಿಗೆ ನ್ಯಾಯವಾದ ಕಾರಣವೂ ಇರುವುದುಂಟು. ಉಪನ್ಯಾಸಕರ ಹುದ್ದೆ ತಿಂಗಳುಗಟ್ಟಲೆ ಖಾಲಿಯಿದ್ದುದರಿಂದ ಭೌತಶಾಸ್ತ್ರದ ಪಾಠವೇ ಅರ್ಧ ಆಗದಿದ್ದರೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿ.ಯು.ಸಿ.ಯಲ್ಲಿ ಒಮ್ಮೆಲೆ ಇಂಗ್ಲಿಷಿಗೆ ಬಿದ್ದು ಮೊದಲ ಆರು ತಿಂಗಳು ಪದಗಳ ಅರ್ಥ ಹುಡುಕುವುದರಲ್ಲೇ ಕಳೆದಿದ್ದರೆ, ಆ ಹುಡುಗನ ಅಂಕ ಅವನ ಬುದ್ಧಿಯ ಅಳತೆಯಲ್ಲ. ಅಂಥವನಿಗೆ ಒಂದು ವರ್ಷ ಕೊಡುವುದು ಅವನಿಂದ ಕಸಿದುಕೊಂಡ ಕಾಲವನ್ನು ಹಿಂತಿರುಗಿಸಿದಂತೆ.

ಖರ್ಚಿನ ಮಾತು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆಯಾಗುತ್ತದೆ. ಚನ್ನಗಿರಿ ಕಡೆಯ ತೋಟದವರು ಫಸಲಿಗೆ ಮುನ್ನವೇ ತೋಟವನ್ನು ಚೇಣಿಗೆ ಕೊಟ್ಟು, ಬಂದ ಮುಂಗಡದಲ್ಲಿ ಮಗನ ಕೋಚಿಂಗ್ ಶುಲ್ಕ ಕಟ್ಟಿಬಿಡಬಲ್ಲರು. ಜಗಳೂರಿನ ಮಳೆಯಾಶ್ರಿತ ಹೊಲದವನಿಗೆ ಹಣ ಬರುವುದು ಜೋಳವೋ ಈರುಳ್ಳಿಯೋ ಮಾರಿದ ಮೇಲೆ. ಕೋಚಿಂಗ್ ಕೇಂದ್ರದವರು ಹಣ ಕೇಳುವುದು ಬಿತ್ತನೆಯ ಕಾಲದಲ್ಲೇ. 2023ರಂಥ ಬರದ ವರ್ಷದಲ್ಲಂತೂ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ, ತೋಟದವನೂ ಹೊಲದವನೂ ಒಂದೇ ಆದರು. ಇದರ ಮೇಲೆ ಇನ್ನೊಂದು ಇದೆ. ಸರ್ಕಾರದ ವಿದ್ಯಾರ್ಥಿನಿಲಯಗಳೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ ಮಾನ್ಯತೆ ಪಡೆದ ಕೋರ್ಸಿಗೆ ಸೇರಿದವರಿಗಾಗಿ ಇರುವಂಥವು. ಮನೆಯಲ್ಲಿ ಕೂತು ಓದುವ ವರ್ಷ ಹುಡುಗ ಯಾವ ಕಾಲೇಜಿನ ದಾಖಲೆಯಲ್ಲಿಯೂ ಇರುವುದಿಲ್ಲವಾದ್ದರಿಂದ ಆ ಆಸರೆ ತಪ್ಪುತ್ತದೆ. ಬಡವರ ಮನೆಗೆ ಬಿಡುವಿನ ವರ್ಷ ಎರಡು ಸಲ ತುಟ್ಟಿಯಾಗುವುದು ಹೀಗೆ: ಖರ್ಚು ಏರುತ್ತದೆ, ನೆರವು ನಿಲ್ಲುತ್ತದೆ.

ಆದರೆ ದೂರದ ಊರಿಗೆ ಹೋಗಿ ಲಕ್ಷಗಟ್ಟಲೆ ಸುರಿಯುವುದೊಂದೇ ದಾರಿಯಲ್ಲ. ಪ್ರಶ್ನೆಗಳ ಬುನಾದಿ ಎನ್.ಸಿ.ಇ.ಆರ್.ಟಿ. ಪುಸ್ತಕಗಳು, ನಮ್ಮ ಪಿ.ಯು.ಸಿ. ವಿಜ್ಞಾನದ ಪಠ್ಯವೂ ಅದೇ. ಕೇಂದ್ರ ಶಿಕ್ಷಣ ಸಚಿವಾಲಯವೂ ಕಾನ್ಪುರದ ಐ.ಐ.ಟಿ.ಯೂ ಸೇರಿ 2023ರಲ್ಲಿ ಆರಂಭಿಸಿದ 'ಸಾಥಿ' ಎಂಬ ಅಂತರ್ಜಾಲ ತಾಣದಲ್ಲಿ ಪಾಠಗಳೂ ಮಾದರಿ ಪರೀಕ್ಷೆಗಳೂ ಉಚಿತವಾಗಿವೆ. ಹೊನ್ನಾಳಿ, ನ್ಯಾಮತಿಗಳ ಮಕ್ಕಳು ಶಿವಮೊಗ್ಗಕ್ಕೂ, ಜಗಳೂರಿನವರು ದಾವಣಗೆರೆಗೂ ವಾರಕ್ಕೆ ಎರಡು ದಿನ ಹೋಗಿ ಭೌತಶಾಸ್ತ್ರವೊಂದನ್ನೇ ಹೇಳಿಸಿಕೊಂಡು ಬಂದರೂ ಬಹಳಷ್ಟು ಕೆಲಸವಾಗುತ್ತದೆ. ಸರ್ಕಾರಿ ಬಸ್ಸು ಓಡುವ ಹಾದಿಯಾದರೆ, 2023ರಲ್ಲಿ ಬಂದ 'ಶಕ್ತಿ' ಯೋಜನೆಯಿಂದ ಹೆಣ್ಣುಮಕ್ಕಳಿಗೆ ಪ್ರಯಾಣದ ಖರ್ಚೂ ಇಲ್ಲ.

ಕೋಚಿಂಗ್ ಕೇಂದ್ರಕ್ಕೆ ಸೇರುವುದೇ ಆದರೆ, ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ನಿಮಗೆ ತಿಳಿದಿರಲಿ. ರ‍್ಯಾಂಕು ಬಂದೇ ಬರುತ್ತದೆಂದು ಭರವಸೆ ಕೊಟ್ಟು ಸೇರಿಸಿಕೊಳ್ಳಕೂಡದು. ಪೂರ್ತಿ ಶುಲ್ಕ ಕಟ್ಟಿದವರು ನಡುವೆ ಬಿಟ್ಟರೆ, ಉಳಿದ ಅವಧಿಯ ಶುಲ್ಕವನ್ನು, ಹಾಸ್ಟೆಲು ಮೆಸ್ಸುಗಳದ್ದೂ ಸೇರಿ, ಹತ್ತು ದಿನಗಳಲ್ಲಿ ಹಿಂದಿರುಗಿಸಬೇಕು ಎಂದು ಅದು ಹೇಳುತ್ತದೆ. ರಸೀತಿ ಇಲ್ಲದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಗೋಡೆಯ ಮೇಲಿನ ಭಾವಚಿತ್ರಗಳನ್ನು ಎಣಿಸುವ ಬದಲು, ಸೇರಿದವರೆಷ್ಟು, ಸೀಟು ಪಡೆದವರೆಷ್ಟು ಎಂದು ಕೇಳಿ.

ಕಾಗದಪತ್ರಗಳ ವಿಷಯವನ್ನೂ ಮರೆಯುವಂತಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಅರ್ಹರಿಗೆ ರಾಜ್ಯದ ಪಾಲಿನಲ್ಲಿ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿಯಿದೆ. ಬಿಡುವಿನ ವರ್ಷದಿಂದ ಈ ಹಕ್ಕು ಹೋಗುವುದಿಲ್ಲ. ಆದರೆ ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಓಡಾಟಕ್ಕೆ ಈ ವರ್ಷ ಕಾಲವಿದೆ, ಮಾಡಿಸಿಟ್ಟುಕೊಳ್ಳಿ. ಜಗಳೂರಿನವರಿಗೆ ಒಂದು ಮಾತು. ನಿಮ್ಮ ನೆರೆಯ ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಈಗ ವಿಜಯನಗರ ಜಿಲ್ಲೆಗೆ ಸೇರಿ, ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಮೀಸಲಾತಿ ಪಡೆಯುತ್ತಿದೆ. ಗಡಿಯ ಈಚೆಗಿರುವ ಜಗಳೂರಿಗೆ ಅದಿಲ್ಲ. ಮಳೆ ಎರಡೂ ಕಡೆ ಒಂದೇ. ರ‍್ಯಾಂಕಿನ ಲೆಕ್ಕ ಬೇರೆ. ಆಚೆಯ ಊರಿನ ನೆಂಟರ ಮಗುವಿಗೆ ಸಿಕ್ಕ ರ‍್ಯಾಂಕಿಗೆ ನಮಗೂ ಸೀಟು ಬಂದೀತೆಂದು ನಂಬಿ ಕೂರಬಾರದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕಾಗಿದೆ. ಹುಡುಗ ಒಂದು ವರ್ಷ ಮನೆಯಲ್ಲಿದ್ದರೆ 'ಓದುತ್ತಿದ್ದಾನೆ' ಎನ್ನುತ್ತಾರೆ. ಹುಡುಗಿ ಇದ್ದರೆ 'ಮನೆಯಲ್ಲೇ ಇದ್ದಾಳೆ' ಎನ್ನುತ್ತಾರೆ. ಮನೆಯಲ್ಲೇ ಇದ್ದಾಳೆಂದ ಮೇಲೆ ಕಸಮುಸುರೆ ಅವಳ ಪಾಲಿಗೆ ಬರುತ್ತದೆ. ಹದಿನೆಂಟು ತುಂಬಿತೆಂದ ಕೂಡಲೆ ನೆಂಟರು ಜಾತಕ ಕೇಳುತ್ತಾರೆ. ಮಗಳಿಗೆ ಒಂದು ವರ್ಷ ಕೊಡುವ ತಂದೆತಾಯಿಗಳು ಅದನ್ನು ಪೂರ್ತಿಯಾಗಿ ಕೊಡಬೇಕು: ಓದಲು ಒಂದು ಮೂಲೆ, ಯಾರೂ ಕರೆಯದ ಎಂಟು ಗಂಟೆಗಳ ಹೊತ್ತು, ಮತ್ತು ಮುಂದಿನ ಫಲಿತಾಂಶದವರೆಗೆ ಮದುವೆಯ ಮಾತು ಇಲ್ಲವೆಂಬ ಭಾಷೆ. ಇದನ್ನು ಕೊಡಲಾಗದ ಮನೆಯಲ್ಲಿ ಅವಳು ಯಾವುದಾದರೊಂದು ಕಾಲೇಜಿಗೆ ಸೇರಿಕೊಂಡು ಓದುವುದೇ ಕ್ಷೇಮ. ಕಾಲೇಜಿನ ದಾಖಲೆಯೇ ಅವಳಿಗೆ ಬೇಲಿಯಾಗುತ್ತದೆ.

ಇಷ್ಟೆಲ್ಲ ಲೆಕ್ಕವಾದ ಮೇಲೆ ಲೆಕ್ಕಕ್ಕೆ ಸಿಗದ ಒಂದು ಮಾತಿದೆ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆಯೇ ವೈದ್ಯಕೀಯ ಕಾಲೇಜು. ಅಲ್ಲಿಯೂ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆ ಒಂದೆರಡು ವರ್ಷ ಬಿಟ್ಟವರೇ. ಆಸ್ಪತ್ರೆಯಲ್ಲೋ ಪ್ರಯೋಗಶಾಲೆಯಲ್ಲೋ ದುಡಿದು ಬಂದವರು. ನಮ್ಮ ದೇಶದ್ದೇ ಒಂದು ನಿದರ್ಶನವುಂಟು. ವೇಲೂರಿನ ಆಸ್ಪತ್ರೆಯನ್ನು ಕಟ್ಟಿದ ಡಾಕ್ಟರ್ ಐಡಾ ಸ್ಕಡರ್ ಅವರು 1870ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದವರು; ವೈದ್ಯರ ಮನೆತನ; ಆದರೆ ಅವರಿಗೆ ವೈದ್ಯಳಾಗುವ ಮನಸ್ಸಿರಲಿಲ್ಲ. ಅಮೆರಿಕದಲ್ಲಿ ಶಾಲೆ ಮುಗಿಸಿ, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದು ಇದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಬೇರೆಬೇರೆಯಾಗಿ ಬಂದು ಹೆರಿಗೆಯಲ್ಲಿ ನರಳುತ್ತಿದ್ದ ತಮ್ಮ ಹೆಂಡಿರಿಗೆ ನೆರವು ಬೇಡಿದರು. ಐಡಾರ ತಂದೆ ವೈದ್ಯರು. ಗಂಡು ವೈದ್ಯ ಮುಟ್ಟಕೂಡದೆಂದು ಮೂವರೂ ಹಿಂದಿರುಗಿದರು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಅದಾದ ಮೇಲೆ ಅವರು ವೈದ್ಯಕೀಯ ಓದಲು ಹೋಗಿ 1899ರಲ್ಲಿ ಪದವಿ ಪಡೆದು ಮರಳಿದರು. ಆಲ್ಬರ್ಟ್ ಶ್ವೈಟ್ಜರ್ ಅವರಂತೂ ತತ್ತ್ವಶಾಸ್ತ್ರ ಬೋಧಿಸಬಲ್ಲ ಪಂಡಿತರಾಗಿದ್ದು, ಮೂವತ್ತನೆಯ ವಯಸ್ಸಿನಲ್ಲಿ, 1905ರಲ್ಲಿ, ವೈದ್ಯಕೀಯದ ಮೊದಲ ತರಗತಿಗೆ ಹೋಗಿ ಕೂತರು. ಹದಿನೆಂಟಕ್ಕೆ ಬದಲು ಹತ್ತೊಂಬತ್ತಕ್ಕೆ ಸೇರಿದರೆ ತಡವಾಯಿತೆನ್ನುವವರು ಇದನ್ನು ನೆನೆಯಬೇಕು. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಮುಂದೆ ನಲವತ್ತು ವರ್ಷದ ವೃತ್ತಿ. ಅದರೆದುರು ಒಂದು ವರ್ಷ ದೊಡ್ಡದಲ್ಲ.

ಈ ಒಂದು ವರ್ಷದಲ್ಲಿ ವಿದ್ಯಾರ್ಥಿ ಒಂದು ಬೆಳಗ್ಗೆಯಾದರೂ ತನ್ನ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತು ಬರಲಿ. ಕೈಕೂಸು ಎತ್ತಿಕೊಂಡು ನಿಂತ ತಾಯಿಯನ್ನೂ, ಚೀಟಿ ಹಿಡಿದು ಯಾವ ಕೋಣೆಯೆಂದು ತಿಳಿಯದೆ ತಿರುಗುವ ಮುದುಕನನ್ನೂ, ಊಟದ ಹೊತ್ತು ಮೀರಿದರೂ ಏಳದ ವೈದ್ಯರನ್ನೂ ನೋಡಲಿ. 'ಇದು ನನ್ನ ಕೆಲಸ' ಎನ್ನಿಸಿದರೆ ಆ ಓದಿಗೆ ಬೇರೆಯೇ ಬಲ ಬರುತ್ತದೆ. ಹಾಗೆ ಅನ್ನಿಸದಿದ್ದರೆ ಅದನ್ನು ಮನೆಯಲ್ಲಿ ಬಿಚ್ಚಿ ಹೇಳುವ ಧೈರ್ಯ ಮಕ್ಕಳಿಗೂ, ಕೇಳುವ ಸಹನೆ ಹಿರಿಯರಿಗೂ ಇರಬೇಕು.

ಮನಸ್ಸಿನ ಆರೋಗ್ಯವೂ ಓದಿನಷ್ಟೇ ಮುಖ್ಯ. ಜೊತೆಯವರೆಲ್ಲ ಕಾಲೇಜಿಗೆ ಹೋದ ಮೇಲೆ ಒಬ್ಬನೇ ಉಳಿದ ಹುಡುಗನಿಗೆ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳು ಬಹಳ ಭಾರ. ಸಂತೆಯಲ್ಲಿ ಸಿಕ್ಕವರು 'ಏನ್ ಮಾಡ್ತಿದೀಯಪ್ಪಾ ಈಗ?' ಎಂದು ಕೇಳುವುದು ಮುಳ್ಳಿನಂತೆ ಚುಚ್ಚುತ್ತದೆ. ಅವನು ಸಂಜೆ ಒಂದು ಗಂಟೆ ಹೊರಗೆ ಆಡಲಿ, ತೋಟಕ್ಕೆ ಹೋಗಿ ಬರಲಿ. ರಾತ್ರಿ ಏಳು ಗಂಟೆ ನಿದ್ರೆ ಮಾಡಲಿ. ಊಟ ಬಿಟ್ಟರೆ, ಮಾತು ಬಿಟ್ಟರೆ, ಬದುಕೇ ಬೇಡವೆಂಬ ಮಾತಾಡಿದರೆ, ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ತಕ್ಷಣ ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.

ಕಡೆಯದಾಗಿ, ವರ್ಷ ಆರಂಭಿಸುವ ಮುನ್ನವೇ ಅದರ ಕೊನೆಯನ್ನೂ ನಿಶ್ಚಯಿಸಿಕೊಳ್ಳಿ. ಒಂದು ವರ್ಷವೆಂದರೆ ಒಂದೇ ವರ್ಷ. ಡಿಸೆಂಬರ್ ಹೊತ್ತಿಗೆ ಮಾದರಿ ಪರೀಕ್ಷೆಗಳಲ್ಲಿ ಅಂಕ ಏರುತ್ತಿದೆಯೇ ಎಂದು ಮನೆಯವರೆಲ್ಲ ಕೂತು ನೋಡಿ. ಬೇರೆ ಬಾಗಿಲುಗಳಿಗೂ ಅರ್ಜಿ ಹಾಕಿಡಿ. ದಂತವೈದ್ಯ, ಆಯುರ್ವೇದ, ಹೋಮಿಯೋಪಥಿಗಳಿಗೆ ನೀಟ್‌ನ ರ‍್ಯಾಂಕೇ ಸಾಕು; ಪಶುವೈದ್ಯ, ಕೃಷಿ, ಔಷಧ ವಿಜ್ಞಾನ, ನರ್ಸಿಂಗ್‌ಗಳಿಗೆ ರಾಜ್ಯದ ಸಿ.ಇ.ಟಿ. ಹಾದಿಯಿದೆ. ಶಿವಮೊಗ್ಗದಲ್ಲೇ ಪಶುವೈದ್ಯ ಕಾಲೇಜಿದೆ. ಮನೆಮನೆಗೂ ದನಕರು ಇರುವ ನಮ್ಮ ತಾಲ್ಲೂಕುಗಳಲ್ಲಿ ಪಶುವೈದ್ಯನ ಹಾದಿ ಕಾಯದ ಊರಿಲ್ಲ. ಇವು ಸೋತವರ ಸಾಲಲ್ಲ; ಬೇರೆ ಹೊಲಗಳು.

ಮಗುವನ್ನು ಬಳಿಗೆ ಕರೆದು ಕೂರಿಸಿಕೊಂಡು ಕೇಳಿ: ತಪ್ಪಿದ್ದೆಲ್ಲಿ? ಸರಿಪಡಿಸಲು ಏನು ಮಾಡುತ್ತೀಯೆ? ನಾವೇನು ಮಾಡಬೇಕು? ಮೂರಕ್ಕೂ ಸ್ಪಷ್ಟವಾದ ಉತ್ತರ ಬಂದರೆ ಧೈರ್ಯವಾಗಿ ಒಂದು ವರ್ಷ ಕೊಡಿ; ಅದು ಮಾಗಿ ಉತ್ತ ಹೊಲ. ಉತ್ತರವಿಲ್ಲದೆ ಬರಿಯ ಆಸೆಯೊಂದೇ ಇದ್ದರೆ, ಸಿಕ್ಕಿದ್ದನ್ನು ಬಿತ್ತುವುದು ಮೇಲು. ಮಳೆ ನಮ್ಮ ಕೈಯಲ್ಲಿಲ್ಲ. ಹದ ನಮ್ಮ ಕೈಯಲ್ಲಿದೆ.